ಸಾಯಬೇಕಾದ ಕೋಶವನ್ನು ಸಾಯಗೊಡದ ಬಿಸಿಎಲ್-2 ಪ್ರೋಟೀನು ಕಾಯಿಲೆಗೆ ಹೇಗೆ ಕಾರಣವಾಗುತ್ತದೆ?

ಪ್ರಶ್ನೆ: ಡೊಂಬಿವಲಿಯ ಸೊಸೆ

ಎಲ್ಲರಿಗೂ ನಮಸ್ಕಾರ.

ನಮ್ಮ ಮಾವನವರಿಗೆ ಈಗ 71 ವರ್ಷ. ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುಳಿತವರು. ಈಗ ಡೊಂಬಿವಲಿಯಲ್ಲಿ ನಮ್ಮ ಜೊತೆಗಿದ್ದಾರೆ. ಚೌತಿಯ ಹಿಂದಿನ ವಾರ ಮುಖಕ್ಷೌರ ಮಾಡಿಕೊಳ್ಳುವಾಗ ಕತ್ತಿನ ಎಡಗಡೆ ಗೋಲಿಯಷ್ಟು ದಪ್ಪದ ಗಂಟೊಂದು ಅವರ ಕೈಗೆ ಸಿಕ್ಕಿತು. ನೋವಿರಲಿಲ್ಲ, ಜ್ವರವಿರಲಿಲ್ಲ, ತೂಕವೂ ಇಳಿದಿರಲಿಲ್ಲ. ವೈದ್ಯರಿಗೆ ತೋರಿಸಿದಾಗ ಕಂಕುಳಲ್ಲೂ ಅಂಥವೇ ಎರಡು ಗಂಟುಗಳಿವೆಯೆಂದು ತಿಳಿಯಿತು. ಒಂದನ್ನು ತೆಗೆದು ಬಯಾಪ್ಸಿಗೆ ಕಳುಹಿಸಿದರು.

ವರದಿ ಒಂದು ರಾತ್ರಿ ಹತ್ತು ಗಂಟೆಗೆ ನೇರವಾಗಿ ನಮ್ಮ ಮೊಬೈಲಿಗೆ ಬಂತು. ಆ ಹೊತ್ತಿನಲ್ಲಿ ವಿವರಿಸುವವರು ಯಾರೂ ಇರಲಿಲ್ಲ. "ಫಾಲಿಕ್ಯುಲರ್ ಲಿಂಫೋಮಾ, ದರ್ಜೆ 1-2" ಎಂದು ಬರೆದು, ಕೆಳಗೆ ಸಿಡಿ20, ಸಿಡಿ10, ಬಿಸಿಎಲ್-6, ಬಿಸಿಎಲ್-2 ಎಲ್ಲವೂ ಪಾಸಿಟಿವ್, ಕೆಐ-67 ಶೇಕಡಾ 15 ಎಂದು ನಮೂದಿಸಿದ್ದರು. ನಾನು ಬಿ.ಕಾಂ. ಓದಿದವಳು. ಆ ರಾತ್ರಿ ನಿದ್ದೆ ಬಾರದೆ ಒಂದೊಂದೇ ಪದವನ್ನು ಹುಡುಕಿ ಓದುತ್ತ ಹೋದೆ. ಫಾಲಿಕ್ಯುಲರ್ ಲಿಂಫೋಮಾ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್, ಬಿಸಿಎಲ್-2 ಎನ್ನುವುದು ಜೀವಕೋಶದ ಸಾವನ್ನು ತಡೆಯುವ ಪ್ರೋಟೀನು ಎಂಬಷ್ಟು ಅರ್ಥವಾಯಿತು. ಬೆಳಿಗ್ಗೆ ಅದನ್ನು ಮಾವನವರಿಗೆ ಹೇಳಿದಾಗ ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: "ಅಲ್ಲ ಮಗಾ, ಸಾವನ್ನು ತಡೆಯುವುದಾದರೆ ಅದು ಒಳ್ಳೆಯದೇ ಆಗಬೇಕಲ್ಲ?"

ವೈದ್ಯರು ಎರಡು ಮಾತು ಹೇಳಿದ್ದಾರೆ. ಮೊದಲನೆಯದು, ಈ ಕಾಯಿಲೆಯಲ್ಲಿ ಕೋಶಗಳು ಬಹಳ ವೇಗವಾಗಿ ಬೆಳೆಯುತ್ತಿಲ್ಲ ಎಂಬುದು. ಎರಡನೆಯದು, ಸದ್ಯಕ್ಕೆ ಔಷಧ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂಬುದು. ವೇಗವಾಗಿ ಬೆಳೆಯದಿದ್ದರೆ ಅದು ಕ್ಯಾನ್ಸರ್ ಹೇಗಾಯಿತು? ಕ್ಯಾನ್ಸರ್ ಆಗಿದ್ದರೆ ಕಾಯುವುದು ಹೇಗೆ? ಮನೆಯಲ್ಲಿ ಅತ್ತೆಯವರು ಅಳುತ್ತಿದ್ದಾರೆ, ಯಜಮಾನರು ಬೇರೆ ಆಸ್ಪತ್ರೆಗೆ ಹೋಗೋಣವೆನ್ನುತ್ತಿದ್ದಾರೆ. ಚಿಕಿತ್ಸೆಯ ಸಲಹೆಯನ್ನು ನಾನು ಇಲ್ಲಿ ಕೇಳುತ್ತಿಲ್ಲ. ಈ ಪ್ರೋಟೀನು ಏನು ಮಾಡುತ್ತದೆ, ಅದರಿಂದ ಮನುಷ್ಯನಿಗೆ ಕಾಯಿಲೆ ಹೇಗೆ ಬರುತ್ತದೆ ಎಂಬುದನ್ನು ಬಲ್ಲವರು ಕನ್ನಡದಲ್ಲಿ ತಿಳಿಸಿದರೆ, ಮಾವನವರಿಗೆ ಓದಿ ಹೇಳುತ್ತೇನೆ.

ಉತ್ತರ: ಪುಣೆಯ ಪೆಥಾಲಜಿಸ್ಟ್

ನಮಸ್ಕಾರ. ನಾನು ಪುಣೆಯಲ್ಲಿ ಇಪ್ಪತ್ತೆಂಟು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತು ಇಂಥದೇ ವರದಿಗಳನ್ನು ಬರೆದವನು. ಇಂಥ ವರದಿಯೊಂದು ರಾತ್ರಿ ಹೊತ್ತು ಒಂಟಿಯಾಗಿ ಮನೆ ತಲುಪಬಾರದು. ಅದು ನಿಮಗಾದ ಅನ್ಯಾಯವೆಂದೇ ನನ್ನ ಭಾವನೆ. ನಿಮ್ಮ ಮಾವನವರ ಪ್ರಶ್ನೆ ಮಾತ್ರ ಬಹಳ ಸರಿಯಾದ ಪ್ರಶ್ನೆ. 1980ರ ದಶಕದಲ್ಲಿ ವಿಜ್ಞಾನಿಗಳನ್ನು ಕಾಡಿದ್ದೂ ಹೆಚ್ಚು ಕಡಿಮೆ ಅದೇ.

ಮೊದಲು ನಿಮ್ಮ ಮಾವನವರ ಗಂಟಿಗೆ ಪ್ರಯೋಗಾಲಯದಲ್ಲಿ ಏನಾಯಿತೆಂದು ಹೇಳುತ್ತೇನೆ. ಗಂಟನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹೂತು, ಒಂದು ಮಿಲಿಮೀಟರಿನ ಮುನ್ನೂರನೆಯ ಒಂದು ಭಾಗದಷ್ಟು ತೆಳುವಾದ ಹಾಳೆಗಳಾಗಿ ಕೊಯ್ದು ಗಾಜಿನ ಮೇಲೆ ಹರಡುತ್ತಾರೆ. ಅನಂತರ ಬಿಸಿಎಲ್-2 ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಅದರ ಮೇಲೆ ಹಾಕಿ, ಅದು ಅಂಟಿಕೊಂಡ ಕಡೆಯೆಲ್ಲ ಕಂದು ಬಣ್ಣ ಬರುವಂತೆ ಮಾಡುತ್ತಾರೆ. ವರದಿಯಲ್ಲಿ ಪಾಸಿಟಿವ್ ಎಂದಿರುವುದರ ಅರ್ಥ ಇಷ್ಟೇ: ಕಂದು ಬಣ್ಣ ಬಂದಿದೆ.

ಆದರೆ ಬಣ್ಣ ಎಲ್ಲಿ ಬಂದಿದೆ ಎಂಬುದು ಮುಖ್ಯ. ನೆಗಡಿಯಾದಾಗ ಉಬ್ಬುವ ಸಾಮಾನ್ಯ ದುಗ್ಧಗ್ರಂಥಿಯನ್ನು ಇದೇ ರೀತಿ ಬಣ್ಣ ಹಾಕಿ ನೋಡಿದರೆ, ಅದರೊಳಗೆ ದುಂಡನೆಯ ಕಾಳುಗಳಂಥ ರಚನೆಗಳು ಕಾಣುತ್ತವೆ. ಇವಕ್ಕೆ ಫಾಲಿಕಲ್ ಎಂದು ಹೆಸರು. ಪ್ರತಿಯೊಂದು ಫಾಲಿಕಲ್‌ನ ಅಂಚಿನಲ್ಲಿ ಕಡುಕಂದು ಉಂಗುರವಿದ್ದು, ನಡುಭಾಗ ಬಹುಪಾಲು ಬಿಳಿಯಾಗಿಯೇ ಉಳಿದಿರುತ್ತದೆ. ಆ ಬಿಳಿಯ ನಡುಭಾಗಕ್ಕೆ ಜರ್ಮಿನಲ್ ಸೆಂಟರ್ ಎನ್ನುತ್ತಾರೆ. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ರೋಗಾಣುವಿಗೆ ಸರಿಹೊಂದುವ ಪ್ರತಿಕಾಯವನ್ನು ರೂಪಿಸುವ ಗರಡಿ ಅದು. ಅಲ್ಲಿ ಅವು ಭರದಿಂದ ವಿಭಜನೆಗೊಳ್ಳುತ್ತವೆ, ತಮ್ಮ ಪ್ರತಿಕಾಯದ ವಂಶವಾಹಿಯನ್ನು ತಾವೇ ಬೇಕೆಂದು ತಿದ್ದಿಕೊಳ್ಳುತ್ತವೆ. ತಿದ್ದಿದ್ದೆಲ್ಲ ಸರಿಯಾಗುವುದಿಲ್ಲ. ಪ್ರಯೋಜನಕ್ಕೆ ಬಾರದ ಕೋಶಗಳು ರಾಶಿರಾಶಿಯಾಗಿ ಅಲ್ಲೇ ಸಾಯುತ್ತವೆ, ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶಗಳು ಅವುಗಳ ಚೂರುಗಳನ್ನು ನುಂಗಿ ಜಾಗವನ್ನು ಚೊಕ್ಕಟ ಮಾಡುತ್ತವೆ. ಈ ಸಾವು ಸಲೀಸಾಗಿ ಆಗಲೆಂದೇ ಆ ಹಂತದಲ್ಲಿ ಬಿ ಕೋಶಗಳು ಬಿಸಿಎಲ್-2 ತಯಾರಿಸುವುದನ್ನು ನಿಲ್ಲಿಸಿರುತ್ತವೆ. ನಡುಭಾಗ ಬಿಳಿಯಾಗಿ ಕಾಣುವುದು ಅದರಿಂದ.

ನಿಮ್ಮ ಮಾವನವರ ಸ್ಲೈಡಿನಲ್ಲಿ ಬಿಳಿಯಾಗಿರಬೇಕಾದ ಆ ನಡುಭಾಗವೇ ಕಂದಾಗಿರುತ್ತದೆ. ಯಾವ ಜಾಗದಲ್ಲಿ ಸಾವು ಅತ್ಯಗತ್ಯವೋ ಅದೇ ಜಾಗದಲ್ಲಿ ಸಾವಿಗೆ ತಡೆ ಬಿದ್ದಿದೆ. ಸತ್ತ ಕೋಶಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳೂ ಅಲ್ಲಿ ವಿರಳ, ಏಕೆಂದರೆ ಅವಕ್ಕೆ ಕೆಲಸವೇ ಇಲ್ಲ.

ಈಗ ಕೆಐ-67ರ ವಿಷಯ. ಅದು ವಿಭಜನೆಯ ಚಕ್ರದಲ್ಲಿರುವ ಕೋಶಗಳ ಗುರುತು. ನೆಗಡಿಯ ಸಾಮಾನ್ಯ ಗಂಟಿನ ಜರ್ಮಿನಲ್ ಸೆಂಟರಿನಲ್ಲಿ ಅದು ಶೇಕಡಾ 80ನ್ನೂ ದಾಟಿರುತ್ತದೆ; ನಿಮ್ಮ ಮಾವನವರದರಲ್ಲಿ 15. ಅಂದರೆ ವಿಭಜನೆಯ ವೇಗವನ್ನಷ್ಟೇ ನೋಡಿದರೆ, ಎರಡು ವಾರದಲ್ಲಿ ತಾನಾಗಿ ಇಳಿದುಹೋಗುವ ಗಂಟು ಈ ಕ್ಯಾನ್ಸರಿಗಿಂತ ಎಷ್ಟೋ ಪಾಲು ಮುಂದಿದೆ. ವ್ಯತ್ಯಾಸವಿರುವುದು ನಿರ್ಗಮನದಲ್ಲಿ. ಅಲ್ಲಿ ಹುಟ್ಟಿದವು ಸಾಯುತ್ತವೆ. ಇಲ್ಲಿ ನಿಧಾನವಾಗಿ ಹುಟ್ಟಿದವೂ ಸಾಯದೆ ಉಳಿದು, ವರ್ಷಗಟ್ಟಲೆ ಸೇರಿಕೊಂಡು ಗಂಟಾಗುತ್ತವೆ. ವೇಗವಾಗಿ ಬೆಳೆಯುತ್ತಿಲ್ಲವೆಂದು ನಿಮ್ಮ ವೈದ್ಯರು ಹೇಳಿದ್ದರ ಅರ್ಥ ಇದೇ.

ಮುಂಬೈಯಲ್ಲಿರುವವರಿಗೆ ಒಂದು ಹೋಲಿಕೆ ಬೇಗ ಹಿಡಿಸಬಹುದು. ಸಾಲುಮನೆಗಳ ಹಳೆಯ ಚಾಳ್ ಕಟ್ಟಡಕ್ಕೆ ಅಪಾಯಕಾರಿಯೆಂದು ತೆರವಿನ ನೋಟಿಸು ಬರುತ್ತದೆ. ಯಾರೋ ಹೋಗಿ ತಡೆಯಾಜ್ಞೆ ತರುತ್ತಾರೆ. ಕಟ್ಟಡ ಹಾಗೆಯೇ ನಿಲ್ಲುತ್ತದೆ. ನಿಂತ ಮಾತ್ರಕ್ಕೆ ಅದು ಗಟ್ಟಿಯಾಗುವುದಿಲ್ಲ, ಪ್ರತಿ ಮಳೆಗಾಲಕ್ಕೂ ಇನ್ನೊಂದು ಬಿರುಕು ಸೇರುತ್ತದೆ. ಬಿಸಿಎಲ್-2 ಅಂಥ ತಡೆಯಾಜ್ಞೆ. ವಂಶವಾಹಿ ಕೆಟ್ಟ ಕೋಶಕ್ಕೆ ಸಾಯಬೇಕೆಂಬ ಸೂಚನೆ ಹೋಗಿಯೇ ಇರುತ್ತದೆ, ಅದು ಜಾರಿಯಾಗುವುದಿಲ್ಲ. ಕೋಶ ಬದುಕಿರುವಷ್ಟು ಕಾಲವೂ ಅದರಲ್ಲಿ ಹೊಸ ಹೊಸ ಕೆಡುಕುಗಳು ಸೇರುತ್ತಲೇ ಇರುತ್ತವೆ. ಮನುಷ್ಯ ಬದುಕಿರಬೇಕಾದರೆ ಅವನ ಕೋಶಗಳು ಪ್ರತಿದಿನ ಸಾವಿರಾರು ಕೋಟಿ ಸಂಖ್ಯೆಯಲ್ಲಿ ಸಾಯಲೇಬೇಕು. ಮಾವನವರಿಗೆ ಇದನ್ನು ಹೀಗೆಯೇ ಓದಿ ಹೇಳಿ.

ಉತ್ತರ: ವಿಲೇಪಾರ್ಲೆಯ ಜೀವಶಾಸ್ತ್ರ ಉಪನ್ಯಾಸಕಿ

ಪೆಥಾಲಜಿಸ್ಟ್ ಸರ್ ಬರೆದುದಕ್ಕೆ ಈ ಪ್ರೋಟೀನಿನ ಕಥೆಯನ್ನೂ ಅದು ಕೆಲಸ ಮಾಡುವ ಬಗೆಯನ್ನೂ ಸೇರಿಸುತ್ತೇನೆ. ಪ್ರತಿವರ್ಷ ನನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗಲೂ ನಾನು ಹೆಚ್ಚು ಹೊತ್ತು ನಿಲ್ಲುವುದು ಇದೇ ಜಾಗದಲ್ಲಿ.

ಫಾಲಿಕ್ಯುಲರ್ ಲಿಂಫೋಮಾ ಇರುವವರಲ್ಲಿ ಶೇಕಡಾ 85ರಷ್ಟು ಮಂದಿಯ ಕ್ಯಾನ್ಸರ್ ಕೋಶಗಳಲ್ಲಿ 14ನೆಯ ಮತ್ತು 18ನೆಯ ವರ್ಣತಂತುಗಳು ಮುರಿದು, ತುಂಡುಗಳು ಅದಲುಬದಲಾಗಿ ಕೂಡಿಕೊಂಡಿರುತ್ತವೆ. 1984ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯೋಶಿಹಿಡೆ ಸುಜಿಮೊಟೊ, ಕಾರ್ಲೊ ಕ್ರೋಚೆ ಮತ್ತು ಸಂಗಡಿಗರು ಆ ಮುರಿತದ ಜಾಗವನ್ನು ಬೇರ್ಪಡಿಸಿ ನೋಡಿದಾಗ, ಅಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ ಒಂದು ವಂಶವಾಹಿ ಸಿಕ್ಕಿತು. ಬಿ ಕೋಶದ ಲಿಂಫೋಮಾದಲ್ಲಿ ಸಿಕ್ಕ ಎರಡನೆಯದು ಎಂಬ ಅರ್ಥದಲ್ಲಿ ಅದನ್ನು ಬಿಸಿಎಲ್-2 ಎಂದು ಕರೆದರು. 18ನೆಯ ವರ್ಣತಂತುವಿನಲ್ಲಿ ತನ್ನ ಪಾಡಿಗಿದ್ದ ಈ ವಂಶವಾಹಿ, 14ನೆಯದರಲ್ಲಿ ಪ್ರತಿಕಾಯ ತಯಾರಿಸುವ ವಂಶವಾಹಿಯ ಮಗ್ಗುಲಿಗೆ ಹೋಗಿ ಬಿದ್ದಿತ್ತು. ಬಿ ಕೋಶಕ್ಕೆ ಪ್ರತಿಕಾಯ ತಯಾರಿಸುವುದೇ ಕಸುಬಾದುದರಿಂದ ಆ ಜಾಗ ಯಾವಾಗಲೂ ಚಾಲೂ ಇರುತ್ತದೆ; ಪಕ್ಕಕ್ಕೆ ಬಂದು ಬಿದ್ದ ಬಿಸಿಎಲ್-2 ಕೂಡ ಆರಿಸಲಾಗದ ದೀಪದಂತೆ ಉರಿಯತೊಡಗುತ್ತದೆ.

ಅದುವರೆಗೆ ತಿಳಿದಿದ್ದ ಕ್ಯಾನ್ಸರ್ ವಂಶವಾಹಿಗಳೆಲ್ಲ ಕೋಶವನ್ನು ವಿಭಜನೆಗೆ ದೂಡುವಂಥವು. ಆದ್ದರಿಂದ ಇದೂ ಹಾಗೆಯೇ ಇರಬೇಕೆಂಬ ಊಹೆ ಸಹಜವಾಗಿತ್ತು. 1988ರಲ್ಲಿ ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಡೇವಿಡ್ ವಾಕ್ಸ್, ಸುಜಾನ್ ಕೋರಿ, ಜೆರಿ ಆಡಮ್ಸ್ ಮಾಡಿದ ಪ್ರಯೋಗ ಈ ಊಹೆಯನ್ನು ಅಳಿಸಿಹಾಕಿತು. ಒಂದು ನಿರ್ದಿಷ್ಟ ಪೋಷಕ ಪ್ರೋಟೀನು ದ್ರವದಲ್ಲಿದ್ದರಷ್ಟೇ ಬದುಕುವ ರಕ್ತಕೋಶಗಳನ್ನು ಅವರು ತೆಗೆದುಕೊಂಡರು. ಆ ಪೋಷಕವನ್ನು ತೆಗೆದಾಗ ಸಾಮಾನ್ಯ ಕೋಶಗಳು ಕೆಲವೇ ದಿನಗಳಲ್ಲಿ ಸತ್ತವು. ಬಿಸಿಎಲ್-2 ಸೇರಿಸಿದ್ದ ಕೋಶಗಳು ಸಾಯಲಿಲ್ಲ, ವಿಭಜನೆಯನ್ನೂ ಹೊಂದಲಿಲ್ಲ. ಸುಮ್ಮನೆ ಬದುಕಿದ್ದವು. ಕೋಶವನ್ನು ಬೆಳೆಸದೆ, ಬರೀ ಸಾಯಗೊಡದೆಯೂ ಒಂದು ವಂಶವಾಹಿ ಕ್ಯಾನ್ಸರಿಗೆ ದಾರಿ ಮಾಡಬಲ್ಲದೆಂದು ತಿಳಿದುಬಂದದ್ದು ಅಲ್ಲಿಂದ. ವಿಭಜನೆಗೆ ದೂಡುವ ಮಿಕ್ ಎಂಬ ವಂಶವಾಹಿಯನ್ನೂ ಇದರ ಜೊತೆಗೆ ಸೇರಿಸಿದ ಇಲಿಗಳಲ್ಲಿ ಗೆಡ್ಡೆಗಳು ಬಹಳ ಬೇಗ ಕಾಣಿಸಿಕೊಂಡವು. ಮಿಕ್ ಒಂದೇ ಇದ್ದರೆ ಕೋಶವನ್ನು ವಿಭಜನೆಗೂ ದೂಡುತ್ತದೆ, ಸಾವಿನ ಅಂಚಿಗೂ ದೂಡುತ್ತದೆ. ಆ ಎರಡನೆಯ ಪರಿಣಾಮವನ್ನು ಬಿಸಿಎಲ್-2 ಅಳಿಸಿಬಿಡುತ್ತದೆ. ಮನುಷ್ಯರಲ್ಲೂ ಈ ಎರಡು ಕೂಡಿದ ಲಿಂಫೋಮಾಗಳು ಉಗ್ರವಾಗಿರುತ್ತವೆ.

ಇನ್ನು ಕೆಲಸ ಮಾಡುವ ಬಗೆ. ಪ್ರತಿ ಕೋಶದಲ್ಲೂ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳಿವೆಯೆಂದು ಶಾಲೆಯಲ್ಲಿ ಓದಿರುತ್ತೀರಿ. ಅವುಗಳೊಳಗೆ ಸೈಟೊಕ್ರೋಮ್-ಸಿ ಎಂಬ ಪ್ರೋಟೀನಿದೆ. ಒಳಗಿರುವಷ್ಟು ಕಾಲ ಅದು ಉಸಿರಾಟದ ಕೆಲಸಕ್ಕೆ ಬೇಕಾದದ್ದು. ಹೊರಗೆ ಸೋರಿತೆಂದರೆ ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಎಬ್ಬಿಸುತ್ತದೆ, ಅವು ಕೋಶವನ್ನು ಒಳಗಿನಿಂದಲೇ ಅಚ್ಚುಕಟ್ಟಾಗಿ ಕತ್ತರಿಸಿಹಾಕುತ್ತವೆ. ಮೈಟೊಕಾಂಡ್ರಿಯದ ಹೊರಪೊರೆಗೆ ತೂತು ಕೊರೆಯುವವು ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಎರಡು ಪ್ರೋಟೀನುಗಳು. ವಂಶವಾಹಿಗೆ ಪೆಟ್ಟು ಬಿದ್ದಾಗ, ಪೋಷಣೆ ನಿಂತಾಗ, ಬಿಮ್, ಪ್ಯೂಮಾ ಮುಂತಾದ ದೂತ ಪ್ರೋಟೀನುಗಳು ಬಂದು ಕೊರೆಯಲು ಸೂಚಿಸುತ್ತವೆ. ಬಿಸಿಎಲ್-2 ಅದೇ ಹೊರಪೊರೆಗೆ ಅಂಟಿಕೊಂಡಿರುತ್ತದೆ. ಅದರ ಮೈಮೇಲೆ ಉದ್ದನೆಯ ಒಂದು ಹಳ್ಳವಿದೆ. ದೂತರನ್ನೂ ಬ್ಯಾಕ್ಸ್‌ನ ಒಂದು ಭಾಗವನ್ನೂ ಆ ಹಳ್ಳದಲ್ಲಿ ಹಿಡಿದಿಟ್ಟುಕೊಂಡು ಬಿಡುವುದಿಲ್ಲ. ಒಟ್ಟು 239 ಅಮೈನೊ ಆಮ್ಲಗಳ ಚಿಕ್ಕ ಪ್ರೋಟೀನು ಅದು, ಮಾಡುವುದು ಬಹುಮಟ್ಟಿಗೆ ಇಷ್ಟೇ ಕೆಲಸ.

ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ಹುಳು ಬೆಳೆಯುವಾಗ ಅದರ ದೇಹದಲ್ಲಿ ಹುಟ್ಟುವ 1090 ಕೋಶಗಳ ಪೈಕಿ ಸರಿಯಾಗಿ 131 ಸಾಯುತ್ತವೆ. ಆ ಹುಳುವಿನಲ್ಲೂ ಬಿಸಿಎಲ್-2ಕ್ಕೆ ಸಂವಾದಿಯಾದ ಪ್ರೋಟೀನಿದೆ, ಮನುಷ್ಯನ ಬಿಸಿಎಲ್-2 ಅನ್ನು ಹುಳುವಿಗೆ ಕೊಟ್ಟರೆ ಅದು ಅಲ್ಲಿಯೂ ಕೋಶಗಳ ಸಾವನ್ನು ತಡೆಯುತ್ತದೆ. ಹುಳುವಿಗೂ ನಮಗೂ ಸಾಮಾನ್ಯ ಪೂರ್ವಜರಿದ್ದ ಕಾಲದಿಂದ ಈ ಏರ್ಪಾಡು ನಡೆದುಬಂದಿದೆಯೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ತಡೆಯಿಂದ ಬರುವುದು ಕ್ಯಾನ್ಸರ್ ಒಂದೇ ಅಲ್ಲ. ಬಿ ಕೋಶಗಳಲ್ಲಿ ಬಿಸಿಎಲ್-2 ಹೆಚ್ಚಾಗಿ ತಯಾರಾಗುವಂತೆ ಮಾಡಿದ ಇಲಿಗಳಲ್ಲಿ, ಸ್ವಂತ ದೇಹದ ಮೇಲೆಯೇ ಎರಗುವ ಪ್ರತಿಕಾಯಗಳು ಹುಟ್ಟಿ ಮೂತ್ರಪಿಂಡಗಳು ಹಾಳಾದದ್ದು 1991ರಲ್ಲೇ ವರದಿಯಾಗಿದೆ. ತನ್ನದೇ ದೇಹವನ್ನು ಶತ್ರುವೆಂದು ತಿಳಿಯುವ ಲಿಂಫೋಸೈಟ್‌ಗಳು ಎಳೆಯದರಲ್ಲೇ ಸಾಯಬೇಕು. ಅವು ಉಳಿದುಕೊಂಡರೆ ಹೀಗಾಗುತ್ತದೆ. ವೈರಸ್‌ಗಳೂ ಈ ಉಪಾಯವನ್ನು ಬಲ್ಲವು. ಎಪ್‌ಸ್ಟೈನ್-ಬಾರ್ ವೈರಸ್ ತಾನು ಹೊಕ್ಕ ಬಿ ಕೋಶ ಆತ್ಮಹತ್ಯೆ ಮಾಡಿಕೊಳ್ಳದಂತೆ ಬಿಸಿಎಲ್-2ನ್ನು ಹೋಲುವ ಪ್ರೋಟೀನೊಂದನ್ನು ತಾನೇ ತಯಾರಿಸುತ್ತದೆ.

ಹಾಗೆಂದು ಈ ಪ್ರೋಟೀನನ್ನು ಬರೀ ಕೆಟ್ಟದ್ದೆಂದು ತಿಳಿಯಬಾರದು. ಬಿಸಿಎಲ್-2 ಇಲ್ಲದೆಯೇ ಹುಟ್ಟಿದ ಇಲಿಗಳಲ್ಲಿ ಲಿಂಫೋಸೈಟ್‌ಗಳು ಕ್ರಮೇಣ ನಶಿಸಿದವು, ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ತುಂಬಿದವು, ಎಳೆಯ ವಯಸ್ಸಿನಲ್ಲೇ ಮೈಕೂದಲು ನರೆಯಿತು. ಕೂದಲಿಗೆ ಬಣ್ಣ ಕೊಡುವ ಕೋಶಗಳು ಕೂಡ ಬದುಕುಳಿಯಲು ಇದನ್ನೇ ನೆಚ್ಚಿಕೊಂಡಿವೆ. ಸಾವನ್ನು ತಡೆಯುವುದು ಒಳ್ಳೆಯದಲ್ಲವೇ ಎಂದು ನಿಮ್ಮ ಮಾವನವರು ಕೇಳಿದ್ದು ಆ ಮಟ್ಟಿಗೆ ನಿಜವೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೇಗೆ ಧನ್ಯವಾದ ಹೇಳಲಿ? ನಿನ್ನೆ ಸಂಜೆ ಮಾವನವರನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿದೆ. ಚಾಳಿನ ಹೋಲಿಕೆ ಅವರಿಗೆ ತಕ್ಷಣ ಅರ್ಥವಾಯಿತು, ಏಕೆಂದರೆ ಮದುವೆಯಾದ ಹೊಸತರಲ್ಲಿ ಅವರೂ ಅತ್ತೆಯವರೂ ಇದ್ದದ್ದು ಅಂಥ ಚಾಳಿನಲ್ಲೇ. ಅವರು ಕೇಳಿದ ಮುಂದಿನ ಪ್ರಶ್ನೆ: "ಹಾಗಾದರೆ ಆ ತಡೆಯಾಜ್ಞೆಯನ್ನು ತೆಗೆಸುವ ಔಷಧವಿಲ್ಲವೇ?" ನನ್ನದೂ ಒಂದಿದೆ. ಆ ವರ್ಣತಂತುಗಳು ಮುರಿದದ್ದು ಅವರ ಯಾವುದಾದರೂ ತಪ್ಪಿನಿಂದಲೇ? ಹೋಟೆಲಿನಲ್ಲಿ ವರ್ಷಗಟ್ಟಲೆ ಹೊಗೆ ಕುಡಿದದ್ದಕ್ಕೇ ಹೀಗಾಯಿತೆಂದು ಅತ್ತೆಯವರು ಕೊರಗುತ್ತಿದ್ದಾರೆ. ನಮ್ಮ ಮಕ್ಕಳಿಗೂ ಇದು ಬರುವುದೇ ಎಂಬ ಭಯ ನನಗೆ.

ಉತ್ತರ: ಮಡಗಾಂವಿನ ಆಸ್ಪತ್ರೆ ಫಾರ್ಮಸಿಸ್ಟ್

ನಾನು ಕಾರವಾರದವಳು, ಮಡಗಾಂವಿನಲ್ಲಿ ಕೆಲಸ. ಔಷಧದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಔಷಧವಿದೆ. ಅದರ ಹೆಸರು ವೆನೆಟೊಕ್ಲ್ಯಾಕ್ಸ್. ಬಿಸಿಎಲ್-2ನ ಮೈಮೇಲಿರುವ ಹಳ್ಳದ ವಿಷಯ ಮೇಲೆ ಬಂದಿದೆಯಲ್ಲ, ಈ ಔಷಧದ ಅಣು ಆ ಹಳ್ಳಕ್ಕೆ ಸರಿಯಾಗಿ ಹೊಂದಿ ಕೂರುತ್ತದೆ. ಅಲ್ಲಿ ಸೆರೆಯಾಗಿದ್ದ ದೂತರು ಬಿಡುಗಡೆಯಾಗಿ ನಿಂತುಹೋಗಿದ್ದ ಕೆಲಸವನ್ನು ಮುಂದುವರಿಸುತ್ತಾರೆ. ಇದಕ್ಕೆ ಮೊದಲು ಬಂದ ನಾವಿಟೊಕ್ಲ್ಯಾಕ್ಸ್ ಎಂಬ ಔಷಧ ಬಿಸಿಎಲ್-2 ಜೊತೆಗೆ ಅದರ ದಾಯಾದಿಯಾದ ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನನ್ನೂ ಹಿಡಿಯುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬದುಕಿರುವುದೇ ಆ ದಾಯಾದಿಯ ಆಸರೆಯಲ್ಲಿ, ಹಾಗಾಗಿ ಔಷಧ ಕೊಟ್ಟ ಕೂಡಲೇ ಅವುಗಳ ಸಂಖ್ಯೆ ಕುಸಿಯುತ್ತಿತ್ತು. ಬಿಸಿಎಲ್-2 ಒಂದನ್ನೇ ಹಿಡಿಯುವಂತೆ ತಿದ್ದಿ ರೂಪಿಸಿದ ವೆನೆಟೊಕ್ಲ್ಯಾಕ್ಸ್‌ಗೆ ಅಮೆರಿಕದಲ್ಲಿ 2016ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ಒಪ್ಪಿಗೆ ಸಿಕ್ಕಿದ್ದು ನಿಮ್ಮ ಮಾವನವರ ಕಾಯಿಲೆಗಲ್ಲ, ಸಿಎಲ್ಎಲ್ ಎಂಬ ಇನ್ನೊಂದು ರಕ್ತದ ಕ್ಯಾನ್ಸರಿಗೆ. ಅದರಲ್ಲಿ ವರ್ಣತಂತುಗಳ ಅದಲುಬದಲು ಸಾಮಾನ್ಯವಾಗಿ ಇರುವುದಿಲ್ಲ. ಬಿಸಿಎಲ್-2 ಹತೋಟಿಯಲ್ಲಿರುವಂತೆ ನೋಡಿಕೊಳ್ಳುವ ಎರಡು ಪುಟ್ಟ ಆರ್‌ಎನ್‌ಎಗಳು ಅರ್ಧದಷ್ಟು ರೋಗಿಗಳಲ್ಲಿ 13ನೆಯ ವರ್ಣತಂತುವಿನ ತುಂಡಿನೊಂದಿಗೆ ಕಳೆದುಹೋಗಿರುತ್ತವೆ. ದಾರಿ ಬೇರೆ, ತಲುಪಿದ ಊರು ಒಂದೇ. ಮೊದಲ ಹಂತದ ಪ್ರಯೋಗದಲ್ಲಿ, ಹಿಂದಿನ ಚಿಕಿತ್ಸೆಗಳಿಗೆ ಬಗ್ಗದ ಸಿಎಲ್ಎಲ್ ರೋಗಿಗಳಲ್ಲಿ ಶೇಕಡಾ 79 ಮಂದಿಗೆ ಈ ಔಷಧ ಹಿಡಿಸಿತು. ಬಿಸಿಎಲ್-2 ಮೊದಲು ಸಿಕ್ಕ ಫಾಲಿಕ್ಯುಲರ್ ಲಿಂಫೋಮಾದಲ್ಲಿ ಮಾತ್ರ ಅದು ಶೇಕಡಾ 38ಕ್ಕೆ ನಿಂತಿತು. ದುಗ್ಧಗ್ರಂಥಿಯೊಳಗೆ ಕೋಶಗಳಿಗೆ ಎಂಸಿಎಲ್-1ರಂಥ ಬೇರೆ ದಾಯಾದಿಗಳ ಆಸರೆಯೂ ಸಿಗುವುದು ಇದಕ್ಕೆ ಒಂದು ಕಾರಣ. ಆದ್ದರಿಂದ ಫಾಲಿಕ್ಯುಲರ್ ಲಿಂಫೋಮಾಗೆ ಇದು ರೂಢಿಯ ಚಿಕಿತ್ಸೆಯಲ್ಲ. ಮುಂದೆ ಚಿಕಿತ್ಸೆ ಬೇಕಾದರೂ ನಿಮ್ಮ ವೈದ್ಯರು ಸಾಮಾನ್ಯವಾಗಿ ಹೇಳುವುದು ಬಿ ಕೋಶಗಳ ಮೈಮೇಲಿರುವ ಸಿಡಿ20 ಎಂಬ ಪ್ರೋಟೀನಿನ ಮೇಲೆ ಗುರಿಯಿಡುವ ರಿಟುಕ್ಸಿಮ್ಯಾಬ್‌ನಂಥ ಔಷಧಗಳನ್ನು.

ಈ ಪ್ರೋಟೀನು ಎಷ್ಟು ಕೋಶಗಳನ್ನು ಹಿಡಿದು ನಿಲ್ಲಿಸಿರುತ್ತದೆಯೆಂಬುದು ನನಗೆ ಮನದಟ್ಟಾದದ್ದು ಈ ಮಾತ್ರೆಯನ್ನು ಕೊಡುವಾಗ. ಸಿಎಲ್ಎಲ್ ಇರುವವರಿಗೆ ಪೂರ್ತಿ ಪ್ರಮಾಣ ದಿನಕ್ಕೆ 400 ಮಿಲಿಗ್ರಾಂ. ಆದರೆ ಮೊದಲ ವಾರ ಕೊಡುವುದು 20 ಮಾತ್ರ. ಮುಂದೆ ವಾರವಾರಕ್ಕೆ 50, 100, 200, ಐದನೆಯ ವಾರ 400. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಎರಡು ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು "ಇಷ್ಟೇ ಸಾಕೇನಮ್ಮಾ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಸಾಕು. ಅಷ್ಟಕ್ಕೇ ಒಬ್ಬರನ್ನು ಆಸ್ಪತ್ರೆಯಲ್ಲಿಟ್ಟು, ನೀರು ಹೆಚ್ಚು ಕುಡಿಸಿ, ಯೂರಿಕ್ ಆಮ್ಲ ಇಳಿಸುವ ಮಾತ್ರೆ ಮೊದಲೇ ಶುರುಮಾಡಿ, ಕೆಲವು ಗಂಟೆಗಳಿಗೊಮ್ಮೆ ರಕ್ತ ತೆಗೆದು ಪೊಟ್ಯಾಸಿಯಂ, ರಂಜಕ, ಕ್ರಿಯಾಟಿನಿನ್ ನೋಡಬೇಕಾಗಬಹುದು. ತಡೆ ಹೋದ ಕೂಡಲೇ ಕೋಟ್ಯಂತರ ಕೋಶಗಳು ಒಟ್ಟಿಗೆ ಸತ್ತು, ಅವುಗಳೊಳಗಿನದೆಲ್ಲ ರಕ್ತಕ್ಕೆ ಸುರಿದು, ಮೂತ್ರಪಿಂಡವೂ ಹೃದಯವೂ ತಡೆದುಕೊಳ್ಳಲಾರದೆ ಹೋಗಬಹುದು. ಆರಂಭದ ಪ್ರಯೋಗಗಳಲ್ಲಿ ಇದರಿಂದ ಸಾವುಗಳೂ ಆದವು. ಹಂತಹಂತವಾಗಿ ಏರಿಸುವ ಕ್ರಮ ಬಂದದ್ದು ಆ ನಂತರ. ಔಷಧ ಶುರುವಾದ ಮೇಲೆ ಗ್ರೇಪ್‌ಫ್ರೂಟ್ ತಿನ್ನಬಾರದು; ನಮ್ಮ ಕಡೆ ಹಿತ್ತಲಲ್ಲಿ ಬೆಳೆಯುವ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ದಾರೆಹುಳಿಯನ್ನೂ ತಿನ್ನಬಾರದು. ಯಕೃತ್ತು ಔಷಧವನ್ನು ಒಡೆಯುವುದನ್ನು ಅವು ನಿಧಾನಿಸುವುದರಿಂದ ರಕ್ತದಲ್ಲಿ ಅದರ ಪ್ರಮಾಣ ಏರಿಬಿಡುತ್ತದೆ.

ಉತ್ತರ: ಪುಣೆಯ ಪೆಥಾಲಜಿಸ್ಟ್

ಉಳಿದ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಅದಕ್ಕೂ ಮೊದಲು ನನ್ನದೇ ಮಾತಿಗೆ ಒಂದು ತಿದ್ದುಪಡಿ, ಏಕೆಂದರೆ ಬೇರೆಯವರೂ ಇದನ್ನು ಓದುತ್ತಿರಬಹುದು. ಬಿಸಿಎಲ್-2 ಪಾಸಿಟಿವ್ ಎಂಬ ಒಂದೇ ಪದದಿಂದ ಕ್ಯಾನ್ಸರ್ ಎಂದು ತೀರ್ಮಾನಿಸಬಾರದು. ಆರೋಗ್ಯವಂತರ ಟಿ ಕೋಶಗಳಲ್ಲೂ ಫಾಲಿಕಲ್ ಅಂಚಿನ ಬಿ ಕೋಶಗಳಲ್ಲೂ ಅದು ಇದ್ದೇ ಇರುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಇದ್ದೂ ಈ ಬಣ್ಣ ಬಾರದವರು ನೂರಕ್ಕೆ ಹತ್ತು ಹದಿನೈದು ಮಂದಿ ಇದ್ದಾರೆ. ಸ್ತನ ಕ್ಯಾನ್ಸರಿನ ವರದಿಯಲ್ಲಿ ಇದೇ ಪದ ಕಂಡರೆ ಅರ್ಥ ಬಹುಮಟ್ಟಿಗೆ ತಿರುಗಿಬಿಡುತ್ತದೆ: ಅಲ್ಲಿ ಈಸ್ಟ್ರೊಜನ್ ಗ್ರಾಹಕವಿರುವ ಗೆಡ್ಡೆಗಳಲ್ಲಿ ಬಿಸಿಎಲ್-2 ಹೆಚ್ಚು, ಅಂಥವರ ಕಾಯಿಲೆ ಸಾಮಾನ್ಯವಾಗಿ ಸೌಮ್ಯ.

ನಿಮ್ಮ ಅತ್ತೆಯವರಿಗೆ ದಯವಿಟ್ಟು ಹೇಳಿ, ಈ ಮುರಿತ ಹೋಟೆಲಿನ ಹೊಗೆಯಿಂದ ಆಯಿತೆಂದು ಕೊರಗಬೇಕಾಗಿಲ್ಲ. ಬಿ ಕೋಶ ಮೂಳೆಯ ಮಜ್ಜೆಯಲ್ಲಿ ಹುಟ್ಟುವಾಗ ತನ್ನ ಪ್ರತಿಕಾಯದ ವಂಶವಾಹಿಯನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಆ ಕತ್ತರಿಕೆಯಲ್ಲಾಗುವ ತಪ್ಪು ಇದು. ಸೂಕ್ಷ್ಮ ಪರೀಕ್ಷೆಯಿಂದ ಹುಡುಕಿದರೆ ಕಾಯಿಲೆಯೇ ಇಲ್ಲದ ಅನೇಕ ವಯಸ್ಕರ ರಕ್ತದಲ್ಲೂ ಇದೇ ಮುರಿತವಿರುವ ಬೆರಳೆಣಿಕೆಯ ಕೋಶಗಳು ಸಿಗುತ್ತವೆ, ವಯಸ್ಸಾದಂತೆ ಹೆಚ್ಚು ಸಿಗುತ್ತವೆ. ಅವರಲ್ಲಿ ಬಹುತೇಕರಿಗೆ ಲಿಂಫೋಮಾ ಎಂದೂ ಬರುವುದಿಲ್ಲ. ಬರಬೇಕಾದರೆ ಸಾಯದೆ ಉಳಿದ ಆ ಕೋಶದಲ್ಲಿ ಇನ್ನೂ ಹಲವು ವಂಶವಾಹಿಗಳು ಕೆಡಬೇಕು. ಈ ಮುರಿತ ಅವರ ಕೆಲವು ರಕ್ತಕೋಶಗಳಲ್ಲಿದೆಯೇ ಹೊರತು ಮಕ್ಕಳಿಗೆ ದಾಟುವ ಬೀಜದಲ್ಲಿಲ್ಲ. ಮಕ್ಕಳ ವಿಷಯದಲ್ಲಿ ನಿಶ್ಚಿಂತರಾಗಿರಿ.

ಕಾಯುವುದರ ಬಗ್ಗೆ. ಲಕ್ಷಣಗಳಿಲ್ಲದ, ಗಂಟುಗಳು ಚಿಕ್ಕದಾಗಿರುವ ರೋಗಿಗಳಲ್ಲಿ ಕೂಡಲೇ ಕೀಮೊ ಶುರುಮಾಡಿದವರನ್ನೂ ಕಾದು ನೋಡಿದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ, ಮೊದಲೇ ಶುರುಮಾಡಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ನಿಮ್ಮ ವೈದ್ಯರ ಮಾತಿಗೆ ಆಧಾರವಿದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಕೇಳಲು ಸಂಕೋಚ ಬೇಡ, ಆದರೆ ಕಾಯಲು ಹೇಳಿದ್ದೇ ಅದಕ್ಕೆ ಕಾರಣವಾಗದಿರಲಿ. ಎಚ್ಚರದಿಂದ ನೋಡಬೇಕಾದದ್ದು ಒಂದಿದೆ. ವರ್ಷಕ್ಕೆ ನೂರರಲ್ಲಿ ಇಬ್ಬರು ಮೂವರಲ್ಲಿ ಈ ನಿಧಾನದ ಕಾಯಿಲೆ ವೇಗದ ಲಿಂಫೋಮಾಗೆ ತಿರುಗುತ್ತದೆ. ಒಂದು ಗಂಟು ಮಾತ್ರ ಇದ್ದಕ್ಕಿದ್ದಂತೆ ದೊಡ್ಡದಾದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ಜ್ವರ ಬಿಡದಿದ್ದರೆ, ತೂಕ ಇಳಿಯತೊಡಗಿದರೆ ಮೂರು ತಿಂಗಳು ತುಂಬುವವರೆಗೆ ಕಾಯಬೇಡಿ, ಮರುದಿನವೇ ಹೋಗಿ.

ಕೊನೆಯದಾಗಿ ಒಂದು ಕೆಲಸ. ಬಯಾಪ್ಸಿ ಮಾಡಿದ ಪ್ರಯೋಗಾಲಯದಲ್ಲಿ ಆ ಮೇಣದ ಬ್ಲಾಕು ಇರುತ್ತದೆ, ಹೆಬ್ಬೆಟ್ಟಿನ ಉಗುರಿಗಿಂತ ತುಸು ದೊಡ್ಡದು, ಮೇಲೆ ಸಂಖ್ಯೆ ಬರೆದಿರುತ್ತದೆ. ಬೇರೆಡೆ ತೋರಿಸುವುದಾದರೆ ಅಥವಾ ಐದಾರು ವರ್ಷದ ಮೇಲೆ ಹೊಸ ಪರೀಕ್ಷೆ ಬೇಕಾದರೆ ಅದೇ ಆಧಾರ. ಅದು ಎಷ್ಟು ವರ್ಷ ಅಲ್ಲಿರುತ್ತದೆಂದು ವಿಚಾರಿಸಿಕೊಳ್ಳಿ. ನಿಮ್ಮ ಕೈಗೇ ಕೊಟ್ಟರೆ ಸಹಿ ಮಾಡಿ ತಂದು, ಡಬ್ಬಿಯಲ್ಲಿಟ್ಟು, ಬಿಸಿಲು ತಾಗದ ತಂಪಾದ ಜಾಗದಲ್ಲಿ ಇಡಿ. ಡೊಂಬಿವಲಿಯ ಮೇ ತಿಂಗಳ ಸೆಕೆಗೆ ಅಟ್ಟದ ಮೇಲಿಟ್ಟ ಮೇಣ ಮೆತ್ತಗಾಗುತ್ತದೆ, ಆದ್ದರಿಂದ ಅಟ್ಟದಲ್ಲಂತೂ ಇಡಬೇಡಿ.